ಅಡುಗೆಮನೆಯ ಬಾಗಿಲಿನಿಂದ ವಿಶ್ವವಿದ್ಯಾನಿಲಯಕ್ಕೆ

ವಿಶ್ವವಿದ್ಯಾನಿಲಯಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಮುಂಬಾಗಿಲಿನಿಂದಲೇ ಒಳಗೆ ಹೋಗುತ್ತಾರೆ. ಸ್ಥಾಪನೆಯಾದದ್ದು ಯಾವ ಇಸವಿಯಲ್ಲಿ, ಮೊದಲ ಉಪಕುಲಪತಿಗಳು ಯಾರು, ಯಾವ ಕಟ್ಟಡಕ್ಕೆ ಯಾರು ಅಡಿಗಲ್ಲು ಹಾಕಿದರು, ಘಟಿಕೋತ್ಸವಕ್ಕೆ ಯಾರು ಬಂದು ಮಾತಾಡಿದರು ಎಂಬುದೆಲ್ಲ ಅಲ್ಲಿ ಅಚ್ಚುಕಟ್ಟಾಗಿ ಸಿಗುತ್ತದೆ. ಹೆಂಗಸರಾದ ನಮಗೆ ಮಾತ್ರ ಯಾವ ಮನೆಗೆ ಹೋದರೂ ಕಣ್ಣು ಮೊದಲು ಹರಿಯುವುದು ಅಡುಗೆಮನೆಯ ಕಡೆಗೆ. ಒಲೆ ಹತ್ತಿದೆಯೇ, ಎಷ್ಟು ಜನರಿಗೆ ಅನ್ನ ಬೇಯುತ್ತಿದೆ, ಯಾರು ಒಳಗೆ ಕೂತು ಉಣ್ಣುತ್ತಿದ್ದಾರೆ, ಯಾರು ಹೊರಗೆ ನಿಂತಿದ್ದಾರೆ ಎನ್ನುವುದು ಒಂದು ಗಳಿಗೆಯಲ್ಲಿ ನಮಗೆ ತಿಳಿದುಬಿಡುತ್ತದೆ. ನಮ್ಮ ವಿಶ್ವವಿದ್ಯಾನಿಲಯಗಳ ಚರಿತ್ರೆಯನ್ನೂ ಒಮ್ಮೆ ಆ ಹಿಂಬಾಗಿಲಿನಿಂದ ನೋಡಿದರೆ ಹೇಗೆ?

ಇದನ್ನು ಹೇಳಲು ಕಾರಣವಿದೆ. ಮೂವತ್ತು ವರ್ಷಗಳಿಂದ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳುತ್ತಿರುವ ನನ್ನ ಹತ್ತಿರ, ಮಗಳನ್ನು ದೂರದ ಊರಿಗೆ ಓದಲು ಕಳಿಸುವ ತಾಯಂದಿರು ಸಲಹೆ ಕೇಳಲು ಬರುವುದುಂಟು. ಯಾವ ವಿಷಯ ತೆಗೆದುಕೊಳ್ಳಬೇಕು ಎಂದು ಕೇಳುವವರು ಕಡಿಮೆ. "ಮೇಡಂ, ಅಲ್ಲಿ ಊಟಕ್ಕೆ ಏನು ಮಾಡ್ತಾಳೆ? ಯಾರ ಜೊತೆ ಇರ್ತಾಳೆ?" ಎನ್ನುವುದೇ ಅವರ ಮೊದಲ ಪ್ರಶ್ನೆ. ಓದಿದವರು ಈ ಪ್ರಶ್ನೆಯನ್ನು ಕೇಳಿ ನಕ್ಕುಬಿಡುತ್ತಾರೆ. ಆದರೆ ನೂರೈವತ್ತು ವರ್ಷಗಳಿಂದ ನಮ್ಮ ನಾಡಿನಲ್ಲಿ ಯಾರು ಓದಿದರು, ಯಾರು ಓದಲಿಲ್ಲ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸಿದ್ದು ಇದೇ ಪ್ರಶ್ನೆ.

ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರ ಜುಲೈ 27ರಂದು. ದೇಶೀ ಸಂಸ್ಥಾನವೊಂದು ತಾನಾಗಿ ಕಟ್ಟಿದ ಮೊದಲ ವಿಶ್ವವಿದ್ಯಾನಿಲಯ ಅದು, ಎಚ್.ವಿ. ನಂಜುಂಡಯ್ಯನವರು ಮೊದಲ ಉಪಕುಲಪತಿಗಳು. ಅದಕ್ಕೆ ಮುಂಚೆ ಬೆಂಗಳೂರಿನ ಸೆಂಟ್ರಲ್ ಕಾಲೇಜು, ಮೈಸೂರಿನ ಮಹಾರಾಜಾ ಕಾಲೇಜುಗಳಲ್ಲಿ ಓದುತ್ತಿದ್ದವರು ಮದರಾಸು ವಿಶ್ವವಿದ್ಯಾನಿಲಯದ ಪರೀಕ್ಷೆಗೆ ಕೂರಬೇಕಾಗಿತ್ತು. ಹೀಗೆ ಹಳ್ಳಿ ಬಿಟ್ಟು ಬಂದ ಬಡ ಹುಡುಗರು ಎಲ್ಲಿ ಉಣ್ಣುತ್ತಿದ್ದರು? ನಮ್ಮ ಅಜ್ಜಿಯರ ಕಾಲದವರಿಗೆ 'ವಾರಾನ್ನ' ಎಂಬ ಮಾತು ಚೆನ್ನಾಗಿ ಗೊತ್ತಿತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ವಾರದ ಏಳು ದಿನಕ್ಕೆ ಏಳು ಮನೆ ಗೊತ್ತುಮಾಡಿಕೊಂಡು ಉಂಡು ಓದುವುದು. ಯಾರದೋ ಮನೆಯ ಜಗಲಿಯಲ್ಲಿ ಮಲಗಿ, ಬೀದಿಯ ದೀಪದಲ್ಲಿ ಓದಿ ಮೇಲೆ ಬಂದವರ ಕಥೆಗಳನ್ನು ನಾವೆಲ್ಲ ಕೇಳಿದ್ದೇವೆ.

ವಾರಾನ್ನ ಹಾಕಿದ ಆ ತಾಯಂದಿರ ಹೆಸರು ಯಾವ ಚರಿತ್ರೆಯಲ್ಲೂ ಇಲ್ಲ. ತಮಗೆ ಅಕ್ಷರ ಬಾರದಿದ್ದರೂ ಪರರ ಮಕ್ಕಳ ಅಕ್ಷರಕ್ಕಾಗಿ ಒಲೆ ಊದಿದವರು ಅವರು. ಅವರ ಪುಣ್ಯವನ್ನು ಕಡಿಮೆ ಮಾಡಿ ಹೇಳುವುದಿಲ್ಲ. ಆದರೆ ಒಂದು ಮಾತನ್ನು ಮರೆಯುವಂತಿಲ್ಲ. ಈ ಏರ್ಪಾಡು ನಡೆಯುತ್ತಿದ್ದದ್ದು ಹೆಚ್ಚಾಗಿ ಬ್ರಾಹ್ಮಣರ ಮನೆಗಳಲ್ಲಿ, ಬ್ರಾಹ್ಮಣರ ಮಕ್ಕಳಿಗಾಗಿ. ಪೇಟೆಯಲ್ಲಿ ಯಾರ ಜಾತಿಯ ಮನೆಗಳು ಇರಲಿಲ್ಲವೋ, ಯಾರ ಜೊತೆ ಕೂತು ಉಣ್ಣಲು ಪೇಟೆಯವರು ಒಪ್ಪುತ್ತಿರಲಿಲ್ಲವೋ, ಆ ಮಕ್ಕಳಿಗೆ ಕಾಲೇಜಿನ ಬಾಗಿಲು ತೆರೆದಿದ್ದರೂ ಒಂದೇ, ಮುಚ್ಚಿದ್ದರೂ ಒಂದೇ. ಹಸಿದ ಹೊಟ್ಟೆಯಲ್ಲಿ ಎಷ್ಟು ದಿನ ಓದಲು ಸಾಧ್ಯ?

ಈ ಕೊರತೆಯನ್ನು ತುಂಬಲು ಒಂದೊಂದು ಸಮುದಾಯವೂ ತನ್ನದೇ ದಾರಿ ಹುಡುಕಿಕೊಂಡಿತು. ಧಾರವಾಡದಲ್ಲಿ 1883ರಲ್ಲೇ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆ ಹುಟ್ಟಿತು. ಹಳೆಯ ಮೈಸೂರಿನ ಕಡೆ 1905ರಲ್ಲಿ ಲಿಂಗಾಯತರ ವಿದ್ಯಾನಿಧಿ ಸಂಘ, 1906ರಲ್ಲಿ ಒಕ್ಕಲಿಗರ ಸಂಘ ಬಂದವು. ಇವುಗಳ ಹಿಂದೆಯೇ ಬೇರೆ ಬೇರೆ ಸಮುದಾಯಗಳೂ ತಮ್ಮ ತಮ್ಮ ಸಂಘ ಕಟ್ಟಿಕೊಂಡವು. ಸಭೆ, ಠರಾವು, ಮನವಿಪತ್ರಗಳ ಜೊತೆಗೆ ಈ ಸಂಘಗಳು ಮಾಡಿದ ಬಹಳ ದೊಡ್ಡ ಕೆಲಸವೆಂದರೆ ಹಾಸ್ಟೆಲು ತೆರೆದದ್ದು. ಹಳ್ಳಿಯ ರೈತರು ಕಣದಿಂದ ಕೊಟ್ಟ ರಾಗಿ ಜೋಳ, ವರ್ತಕರು ಕೊಟ್ಟ ಹಣ, ಮಠಗಳು ಕೊಟ್ಟ ಜಾಗ, ಎಲ್ಲವೂ ಸೇರಿ ಮಕ್ಕಳ ತಟ್ಟೆಗೆ ಬಂತು. ಬೆಂಗಳೂರಿಗೋ ಮೈಸೂರಿಗೋ ಹೋಗಿ ಮೊದಲ ಸಲ ಓದಿದ ರೈತಾಪಿ ಮನೆತನದವರನ್ನು ಕೇಳಿ ನೋಡಿ. ಕಾಲೇಜಿನ ಹೆಸರಿಗೆ ಮುಂಚೆ ಅವರು ಹಾಸ್ಟೆಲಿನ ಹೆಸರು ಹೇಳುತ್ತಾರೆ.

ಆದರೆ ಸಂಘ ಕಟ್ಟಿಕೊಳ್ಳುವ ಶಕ್ತಿಯೂ ಇಲ್ಲದವರು ಏನು ಮಾಡಬೇಕು? ಮಂಗಳೂರಿನ ಕುದ್ಮುಲ್ ರಂಗರಾಯರು ಈ ಪ್ರಶ್ನೆಯನ್ನು ತಮ್ಮ ಮೇಲೆ ಹಾಕಿಕೊಂಡರು. 1859ರಲ್ಲಿ ಹುಟ್ಟಿದ ಅವರು ಸಾರಸ್ವತ ಬ್ರಾಹ್ಮಣರು, ವಕೀಲರು. ದಲಿತ ಮಕ್ಕಳಿಗಾಗಿ ಶಾಲೆ ತೆರೆದು, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು. ಅವರ ಜಾತಿಯವರು ಅವರಿಗೆ ಬಹಿಷ್ಕಾರ ಹಾಕಿದರು. ಮನೆಯೊಳಗೆ ಅದರ ನೋವನ್ನು ಉಂಡವರು ಹೆಂಡತಿ ಮಕ್ಕಳು ಎಂದು ಬೇರೆ ಹೇಳಬೇಕಾಗಿಲ್ಲ. ತಮ್ಮ ಶಾಲೆಯಲ್ಲಿ ಓದಿದ ಮಗು ಒಂದು ದಿನ ಅಧಿಕಾರಿಯಾಗಿ ಗಾಡಿಯಲ್ಲಿ ಬರಬೇಕು, ಆ ಗಾಡಿಯ ಗಾಲಿಯ ಧೂಳು ತಮ್ಮ ತಲೆಗೆ ತಾಗಬೇಕು ಎಂಬುದು ಅವರ ಆಸೆಯಾಗಿತ್ತು. 1928ರಲ್ಲಿ ಅವರು ತೀರಿಕೊಂಡರು. ಬೆಂಗಳೂರಿನಲ್ಲಿ ಇದೇ ಕೆಲಸಕ್ಕೆ ಬಾಳನ್ನು ಕೊಟ್ಟವರು ಗೋಪಾಲಸ್ವಾಮಿ ಅಯ್ಯರ್. ಅವರ ಹೆಸರಿನ ಹಾಸ್ಟೆಲಿನಲ್ಲಿ ಇದ್ದು ಓದಿದವರಲ್ಲಿ ಕವಿ ಸಿದ್ಧಲಿಂಗಯ್ಯನವರೂ ಒಬ್ಬರು. 'ಊರುಕೇರಿ'ಯಲ್ಲಿ ಆ ದಿನಗಳ ಹಸಿವನ್ನೂ ತುಂಟತನವನ್ನೂ ಅವರು ನಗುನಗುತ್ತಲೇ ಹೇಳಿದ್ದಾರೆ. ಓದಿ ಮುಗಿಸಿದ ಮೇಲೆ ನಮ್ಮ ಗಂಟಲು ಕಟ್ಟುತ್ತದೆ.

ಹೆಣ್ಣುಮಕ್ಕಳ ಕಥೆ ಇನ್ನೂ ಬೇರೆ. ಗಂಡುಹುಡುಗರಿಗಾದರೆ ವಾರಾನ್ನವೋ ಛತ್ರದ ಜಗಲಿಯೋ ಇತ್ತು. ಹೆಣ್ಣುಮಗುವನ್ನು ಯಾರ ಜಗಲಿಯಲ್ಲಿ ಮಲಗಿಸುವುದು? ಅಂಬಳೆ ನರಸಿಂಹ ಅಯ್ಯಂಗಾರ್ಯರು 1881ರಲ್ಲಿ ಮೈಸೂರಿನಲ್ಲಿ ಶುರುಮಾಡಿದ ಹೆಣ್ಣುಮಕ್ಕಳ ಶಾಲೆಯೇ ಮುಂದೆ ಮಹಾರಾಣಿ ಕಾಲೇಜಾಗಿ ಬೆಳೆಯಿತು. ಮುಚ್ಚಿದ ಗಾಡಿಗಳಲ್ಲಿ ಹುಡುಗಿಯರನ್ನು ಮನೆಯಿಂದ ಕರೆತಂದು ಮನೆಗೆ ಬಿಡುತ್ತಿದ್ದರು. ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಾದ ಶ್ರೀರಂಗಮ್ಮ ಮತ್ತು ರುಕ್ಮಿಣಿಯಮ್ಮ ಹೊರಬಂದದ್ದು 1906ರಲ್ಲಿ. ಆ ಗಾಡಿ ಎಷ್ಟು ದೂರ ಹೋಗುತ್ತಿತ್ತೋ ಅಷ್ಟು ದೂರಕ್ಕೆ ಮಾತ್ರ ಹೆಣ್ಣುಮಕ್ಕಳ ವಿದ್ಯೆ ಹೋಗುತ್ತಿತ್ತು. ಪೇಟೆಯಾಚೆಗಿನ ಹಳ್ಳಿಯ ಹುಡುಗಿಗೆ ಮಹಿಳಾ ಹಾಸ್ಟೆಲು ಬರುವವರೆಗೆ ಕಾಯಬೇಕಾಯಿತು. ಇಂದು ವಿಜಯಪುರದಲ್ಲಿ ಅಕ್ಕಮಹಾದೇವಿಯ ಹೆಸರಿನ ಮಹಿಳಾ ವಿಶ್ವವಿದ್ಯಾನಿಲಯವೇ ಇದೆ, 2003ರಲ್ಲಿ ಸ್ಥಾಪನೆಯಾದದ್ದು. ಬಿಜಾಪುರ, ಬಾಗಲಕೋಟೆ ಸೀಮೆಯ ಎಷ್ಟೋ ಅಪ್ಪಂದಿರು ಮಗಳನ್ನು ಎಂ.ಎ.ಗೆ ಕಳಿಸಲು ಒಪ್ಪಿದ್ದು ಮನೆಗೆ ಹತ್ತಿರವಾಯಿತು, ಇರುವುದಕ್ಕೆ ಜಾಗವಿದೆ ಎಂಬ ಧೈರ್ಯದಿಂದ.

ಇಷ್ಟೆಲ್ಲ ಉಪಕಾರ ಮಾಡಿದ ಜಾತಿವಾರು ಹಾಸ್ಟೆಲುಗಳಿಗೆ ಒಂದು ಬೆಲೆಯೂ ಇತ್ತು. ಹಗಲೆಲ್ಲ ಒಂದೇ ಬೆಂಚಿನಲ್ಲಿ ಕೂತು ಪಾಠ ಕೇಳಿದ ಹುಡುಗರು ಸಂಜೆಯಾದರೆ ತಮ್ಮ ತಮ್ಮ ಪಂಕ್ತಿಗೆ ಹೊರಟುಹೋಗುತ್ತಿದ್ದರು. ಷೇಕ್ಸ್‌ಪಿಯರನನ್ನು ಒಟ್ಟಿಗೆ ಓದುತ್ತಿದ್ದರು, ಸಾರನ್ನು ಬೇರೆ ಬೇರೆ ಉಣ್ಣುತ್ತಿದ್ದರು. ಹೊಟ್ಟೆಗೆ ಅನ್ನ ಸಿಕ್ಕಿತು, ಆದರೆ ಪಕ್ಕದ ಜಾತಿಯವನ ಮನೆಯ ರುಚಿ, ಅವನ ಹಬ್ಬ, ಅವನ ಅವಮಾನ ಯಾವುದೂ ತಿಳಿಯಲಿಲ್ಲ.

ಈ ಗೋಡೆಯನ್ನು ದಾಟಿದವರೂ ಇದ್ದರು. ಮಲೆನಾಡಿನಿಂದ ಮೈಸೂರಿಗೆ ಓದಲು ಬಂದ ಕುವೆಂಪು ಮೊದಲು ಬಾಡಿಗೆಯ ಕೋಣೆಯಲ್ಲಿದ್ದರು. ಆಮೇಲೆ ಅವರನ್ನು ರಾಮಕೃಷ್ಣಾಶ್ರಮಕ್ಕೆ ಕರೆದೊಯ್ದು ಮಗನಂತೆ ನೋಡಿಕೊಂಡವರು ಸ್ವಾಮಿ ಸಿದ್ದೇಶ್ವರಾನಂದರು. ಸ್ವಾಮಿಗಳು ಮಲೆಯಾಳ ದೇಶದವರು, ಹುಡುಗ ತೀರ್ಥಹಳ್ಳಿ ಕಡೆಯ ಒಕ್ಕಲಿಗರ ಮನೆಯವನು. ಆ ನೆರಳು ಸಿಕ್ಕದಿದ್ದರೆ ಏನಾಗುತ್ತಿತ್ತೋ ಹೇಳುವವರಾರು? ಅದೇ ಹುಡುಗ 1956ರಲ್ಲಿ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಉಪಕುಲಪತಿಯಾದರು. ಮಾನಸಗಂಗೋತ್ರಿಗೆ ಆ ಹೆಸರು ಕೊಟ್ಟವರೂ ಅವರೇ. ಇಂಗ್ಲಿಷು ಬಾರದ ಮಕ್ಕಳೂ ಓದುವಂತಾಗಲೆಂದು ಕನ್ನಡದಲ್ಲಿ ಪಾಠ, ಕನ್ನಡದಲ್ಲಿ ಪುಸ್ತಕ ಎಂದು ಅವರು ಪಟ್ಟು ಹಿಡಿದದ್ದಕ್ಕೂ, ತಾವು ಒಮ್ಮೆ ಪೇಟೆಯಲ್ಲಿ ಒಬ್ಬಂಟಿಯಾಗಿದ್ದ ನೆನಪಿಗೂ ಸಂಬಂಧವಿದ್ದೀತು ಎಂದು ನನಗೆ ಅನ್ನಿಸುತ್ತದೆ.

ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳ ಮಾತೂ ಹಾಗೆಯೇ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಅವರು ಗುಬ್ಬಿ ತೋಟದಪ್ಪನವರ ಹಾಸ್ಟೆಲಿನಲ್ಲಿ ಉಂಡವರು. ಮುಂದೆ ಮಠದ ಹೊಣೆ ಹೊತ್ತ ಮೇಲೆ ಯಾವ ಜಾತಿ, ಯಾವ ಮತ ಎಂದು ಕೇಳದೆ ಸಾವಿರಾರು ಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದರು. 2019ರ ಜನವರಿ 21ರಂದು ಅವರು ಲಿಂಗೈಕ್ಯರಾದಾಗ ಅತ್ತವರಲ್ಲಿ ಮುಸ್ಲಿಮರಿದ್ದರು, ದಲಿತರಿದ್ದರು, ಎಲ್ಲರೂ ಇದ್ದರು. ಸಮುದಾಯದ ಹಾಸ್ಟೆಲಿನಲ್ಲಿ ಉಂಡ ಅನ್ನ ಊರಿನ ಎಲ್ಲರ ಅನ್ನವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇನ್ನು ಸರ್ಕಾರದ ಪಾತ್ರ. ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಏಳು ವರ್ಷಗಳಲ್ಲಿ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದವರಿಗೆ ಸಿಗಬೇಕೆಂದು ಸಮಿತಿ ಹೇಳಿತು. ಹುದ್ದೆ ಸಿಗಬೇಕಾದರೆ ಪದವಿ ಬೇಕು, ಪದವಿಗೆ ವಿದ್ಯಾರ್ಥಿವೇತನ ಬೇಕು ಎಂಬುದೂ ಅದರ ಜೊತೆಗೇ ಬಂತು. 1944ರಲ್ಲಿ ಪರಿಶಿಷ್ಟ ಜಾತಿಯ ಮಕ್ಕಳಿಗೆ ಮೆಟ್ರಿಕ್ ನಂತರದ ಓದಿಗೆ ಭಾರತ ಸರ್ಕಾರದ ವಿದ್ಯಾರ್ಥಿವೇತನ ಆರಂಭವಾಯಿತು. ದೇವರಾಜ ಅರಸರ ಕಾಲದಲ್ಲಿ ಹಾವನೂರ್ ಆಯೋಗ ನೇಮಕವಾಗಿ 1975ರಲ್ಲಿ ವರದಿ ಕೊಟ್ಟಿತು. ತಾಲೂಕು ತಾಲೂಕುಗಳಲ್ಲಿ ಸರ್ಕಾರಿ ಹಾಸ್ಟೆಲುಗಳು ಹೆಚ್ಚಿದವು. ಹಾಸ್ಟೆಲಿನಲ್ಲಿ ಜಾಗ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಊಟ ವಸತಿಗೆಂದು ತಿಂಗಳಿಗೆ 1500 ರೂಪಾಯಿಯಂತೆ ಹತ್ತು ತಿಂಗಳು ಕೊಡುವ ವಿದ್ಯಾಸಿರಿ ಯೋಜನೆ 2013-14ರಲ್ಲಿ ಬಂತು. ವಾರಾನ್ನ ಎನ್ನುವುದು ಯಾರದೋ ದಯೆಯಾಗಿತ್ತು, ಇದು ಹಕ್ಕು. ಈ ವ್ಯತ್ಯಾಸ ಸಣ್ಣದಲ್ಲ.

ಆದರೆ ಹಣ ಕೊಟ್ಟ ಮಾತ್ರಕ್ಕೆ ಮರ್ಯಾದೆ ಕೊಟ್ಟ ಹಾಗಾಗುವುದಿಲ್ಲ. ಅರವಿಂದ ಮಾಲಗತ್ತಿಯವರು 1994ರಲ್ಲಿ ಬರೆದ ಆತ್ಮಕಥನದ ಹೆಸರು 'ಗೌರ್ಮೆಂಟ್ ಬ್ರಾಹ್ಮಣ'. ಸರ್ಕಾರದ ಸವಲತ್ತು ಪಡೆದು ಓದುವ ದಲಿತ ಹುಡುಗರನ್ನು ಜೊತೆಯವರು ಚುಚ್ಚಲು ಬಳಸುತ್ತಿದ್ದ ಮಾತದು. ಆ ಚುಚ್ಚುಮಾತನ್ನೇ ಅವರು ಪುಸ್ತಕದ ಹೊದಿಕೆಯ ಮೇಲೆ ಹಾಕಿದರು. 2012ರಲ್ಲಿ ಯು.ಜಿ.ಸಿ. ವಿದ್ಯಾಸಂಸ್ಥೆಗಳಲ್ಲಿ ತಾರತಮ್ಯ ಕೂಡದೆಂದು ನಿಯಮ ಮಾಡಿ, ಸಮಾನ ಅವಕಾಶ ಕೋಶ ತೆರೆಯಬೇಕೆಂದು ಹೇಳಿತು. ಅದಾಗಿ ನಾಲ್ಕು ವರ್ಷಕ್ಕೆ, 2016ರ ಜನವರಿ 17ರಂದು, ಹೈದರಾಬಾದಿನ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ಮಾಡುತ್ತಿದ್ದ ರೋಹಿತ್ ವೇಮುಲ ಹಾಸ್ಟೆಲಿನ ಕೋಣೆಯಲ್ಲೇ ಪ್ರಾಣ ಬಿಟ್ಟ. ಆತನನ್ನೂ ಜೊತೆಯವರನ್ನೂ ಅದಕ್ಕೆ ಮುಂಚೆ ಹಾಸ್ಟೆಲಿನಿಂದ ಹೊರಹಾಕಲಾಗಿತ್ತು. ಹಾಸ್ಟೆಲಿನ ಕೋಣೆ ಎಂದರೆ ಬರೀ ನಾಲ್ಕು ಗೋಡೆಯಲ್ಲ, ಈ ಊರಿನಲ್ಲಿ ನಿನಗೂ ಜಾಗವಿದೆ ಎನ್ನುವ ಮಾತು ಅದು. ಆ ಮಾತನ್ನು ಹಿಂದಕ್ಕೆ ತೆಗೆದುಕೊಂಡರೆ ಮಗು ಎಲ್ಲಿಗೆ ಹೋಗಬೇಕು?

ಈಗ ನಮ್ಮ ವಿಶ್ವವಿದ್ಯಾನಿಲಯಗಳಿಗೆ ಇನ್ನೂ ದೂರದ ಮಕ್ಕಳು ಬರುತ್ತಿದ್ದಾರೆ. ಮಣಿಪುರ, ನಾಗಾಲ್ಯಾಂಡ್, ಅಸ್ಸಾಮಿನವರು, ಆಫ್ರಿಕದ ದೇಶಗಳವರು, ಬೈಲಕುಪ್ಪೆಯಲ್ಲಿ 1960ರ ದಶಕದಲ್ಲಿ ನೆಲೆ ಕಂಡ ಟಿಬೆಟಿನವರ ಮೊಮ್ಮಕ್ಕಳು. ಇವರನ್ನು ನಾವು ಹೇಗೆ ನಡೆಸಿಕೊಂಡಿದ್ದೇವೆ ಎಂಬುದೂ ಚರಿತ್ರೆಯೇ. 2012ರ ಆಗಸ್ಟ್ ತಿಂಗಳಲ್ಲಿ ಬರಿಯ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಯುವಕ ಯುವತಿಯರು ಬೆಂಗಳೂರು ಬಿಟ್ಟು ಹೊರಟರು. ಗುವಾಹಟಿಗೆ ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಸಚಿವರು, ಪೊಲೀಸರು ನಿಲ್ದಾಣಕ್ಕೇ ಹೋಗಿ ಹೋಗಬೇಡಿ ಎಂದು ಕೇಳಿಕೊಂಡರೂ ರೈಲು ತುಂಬಿಯೇ ಹೊರಟಿತು. ಪಕ್ಕದ ಮನೆಯ ಒಬ್ಬ ಹೆಂಗಸಾದರೂ "ನಮ್ಮನೇಲಿ ಇರಮ್ಮ, ಯಾರು ಬರ್ತಾರೋ ನೋಡೋಣ" ಎನ್ನುವಷ್ಟು ಬಳಕೆ ಇದ್ದಿದ್ದರೆ ಅಷ್ಟು ಜನ ಹೋಗುತ್ತಿದ್ದರೇ? 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟ ರಸ್ತೆಯಲ್ಲಿ ಯಾರೋ ಮಾಡಿದ ಅಪಘಾತಕ್ಕೆ ಟಾಂಜಾನಿಯದ ವಿದ್ಯಾರ್ಥಿನಿಯೊಬ್ಬಳ ಮೇಲೆ ಗುಂಪು ಕೈಮಾಡಿತು. ಅಪಘಾತ ಮಾಡಿದವನು ಸೂಡಾನಿನವನು, ಇವಳು ಟಾಂಜಾನಿಯದವಳು. ಗುಂಪಿಗೆ ಕಂಡದ್ದು ಮೈಬಣ್ಣ ಮಾತ್ರ.

ದೂರದವರ ಮಾತು ಹಾಗಿರಲಿ, ನಮ್ಮವರೇ ನಮ್ಮವರಿಗೆ ಪರಕೀಯರಾಗುವುದೂ ಉಂಟು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಯಾದಗಿರಿ ಕಡೆಯಿಂದ ನಮ್ಮೂರಿಗೆ ಬಂದು ನೆಲೆಸಿದ ಕಟ್ಟಡ ಕೆಲಸದವರ ಮಗಳು. ಜಾಣೆ. ಎಂ.ಎಸ್ಸಿ.ಗೆ ದೊಡ್ಡ ಊರಿಗೆ ಹೋದಳು. ಮೂರು ತಿಂಗಳ ಮೇಲೆ ರಜೆಗೆ ಬಂದಾಗ ಮಾತೇ ಕಡಿಮೆಯಾಗಿತ್ತು. ಅವಳ "ಹೌದ್ರೀ, ಇಲ್ರೀ" ಕೇಳಿ ಕೋಣೆಯ ಹುಡುಗಿಯರು ನಗುತ್ತಿದ್ದರಂತೆ. ತರಗತಿಯಲ್ಲಿ ಇಂಗ್ಲಿಷು, ಕೋಣೆಯಲ್ಲಿ ಬೇರೆ ಕನ್ನಡ, ಊಟಕ್ಕೆ ಮೂರು ಹೊತ್ತೂ ಅನ್ನ. "ಮೇಡಂ, ರೊಟ್ಟಿ ಇಲ್ಲದಿದ್ದರೂ ನಡೀತದ್ರೀ. ಮಾತಾಡಾಕ ಹೆದರಿಕಿ ಆಗ್ತದ" ಎಂದಳು. ಅವಳನ್ನು ಉಳಿಸಿಕೊಂಡದ್ದು ಯಾವ ಕೋಶವೂ ಅಲ್ಲ. ಅಡುಗೆಮನೆಯಲ್ಲಿದ್ದ ಸಿಂದಗಿ ಕಡೆಯ ಒಬ್ಬ ಆಯಮ್ಮ. ದಿನಾ ರಾತ್ರಿ ಪಾತ್ರೆ ತೊಳೆಯುವ ಹೊತ್ತಿಗೆ ಅವಳ ಹತ್ತಿರ ಕೂತು ಹತ್ತು ನಿಮಿಷ ತನ್ನ ಭಾಷೆಯಲ್ಲಿ ಮಾತಾಡಿ ಹೋಗುತ್ತಿದ್ದಳಂತೆ. ಎಂ.ಎಸ್ಸಿ. ಮುಗಿಸಿ ಈಗ ಅವಳು ಉಪನ್ಯಾಸಕಿ.

ವಿಶ್ವವಿದ್ಯಾನಿಲಯಗಳಲ್ಲಿ ಈಗ ವೈವಿಧ್ಯ, ಸಮಾನ ಅವಕಾಶ, ಆಪ್ತಸಮಾಲೋಚನೆ ಎಂಬ ಫಲಕಗಳು ಕಾಣುತ್ತವೆ. ಬೇಕಾದದ್ದೇ, ದೂರು ಹೇಳಲು ಒಂದು ಬಾಗಿಲು ಇರಲೇಬೇಕು. ಆದರೆ ದೂರು ಹುಟ್ಟುವುದಕ್ಕೆ ಮುಂಚಿನ ಕೆಲಸ ನಡೆಯುವುದು ಬೇರೆ ಕಡೆ. ಹೊಸದಾಗಿ ಬಂದ ಮಗುವನ್ನು ಮೊದಲ ದಿನ ಯಾರು ಊಟಕ್ಕೆ ಕರೆದುಕೊಂಡು ಹೋಗುತ್ತಾರೆ? ಬೇರೆ ಬೇರೆ ಜಿಲ್ಲೆಯವರನ್ನು, ಬೇರೆ ಬೇರೆ ಜಾತಿ ಮತದವರನ್ನು ಒಂದೇ ಕೋಣೆಗೆ ಹಾಕುವ ಧೈರ್ಯ ವಾರ್ಡನ್ನರಿಗೆ ಇದೆಯೇ? ವಿದ್ಯಾರ್ಥಿವೇತನದ ಪಟ್ಟಿಯನ್ನು ಎಲ್ಲರೆದುರು ಜಾತಿ ಹೆಸರು ಕೂಗಿ ಓದುತ್ತಾರೋ, ಮೆಲ್ಲನೆ ಕರೆದು ಹೇಳುತ್ತಾರೋ? ದಸರಾ ರಜೆಗೆ ಮೆಸ್ಸು ಮುಚ್ಚುತ್ತದೆ. ಮೂರು ದಿನದ ರೈಲು ಪ್ರಯಾಣದಷ್ಟು ದೂರ ಮನೆಯಿರುವ ಮಗು ಆ ಹದಿನೈದು ದಿನ ಎಲ್ಲಿ ಉಣ್ಣುತ್ತದೆ? ಈ ಪ್ರಶ್ನೆಗಳಿಗೆ ಉತ್ತರ ಬರೆಯಲು ದೊಡ್ಡ ಅನುದಾನ ಬೇಕಾಗಿಲ್ಲ.

ನಮ್ಮಂಥ ಪೇಟೆಯ ಹೆಂಗಸರಿಗೂ ಇದರಲ್ಲಿ ಪಾಲಿದೆ. ಕಾಲೇಜು ಇರುವ ಊರಿನಲ್ಲಿ ನಾವು ಮನೆ ಬಾಡಿಗೆಗೆ ಕೊಡುವವರು, ಪಿ.ಜಿ. ನಡೆಸುವವರು, ಮೆಸ್ಸಿಗೆ ಚಪಾತಿ ಮಾಡಿ ಕಳಿಸುವವರು. "ನಿಮ್ಮದು ಯಾವ ಜನ?" ಎಂದು ಬಾಗಿಲಲ್ಲೇ ಕೇಳಿ ಬಾಗಿಲು ಹಾಕಿಕೊಳ್ಳುವವರೂ ನಾವೇ. ವಾರಾನ್ನ ಹಾಕಿದ ಆ ಹಳೆಯ ತಾಯಂದಿರ ಕೈಯಲ್ಲಿ ಅನ್ನವಿತ್ತು, ಕಣ್ಣಿಗೆ ಕಂಡ ಲೋಕ ಮಾತ್ರ ತಮ್ಮ ಬೀದಿಯಷ್ಟೇ ಇತ್ತು. ನಾವು ಅವರಿಗಿಂತ ಹೆಚ್ಚು ಓದಿದ್ದೇವೆ, ಹೆಚ್ಚು ಊರು ನೋಡಿದ್ದೇವೆ. ನಮ್ಮ ಮಕ್ಕಳೂ ಇಂದು ಪುಣೆ, ದೆಹಲಿ, ಜರ್ಮನಿ, ಅಮೆರಿಕ ಎಂದು ಯಾರಯಾರದೋ ಊರಿನಲ್ಲಿ ಓದುತ್ತಿದ್ದಾರೆ. ಅಲ್ಲಿ ಯಾವಳೋ ಒಬ್ಬಳು ತಾಯಿ ಅವರಿಗೆ ಒಂದು ತಟ್ಟೆ ಇಟ್ಟಿರಲಿ ಎಂದು ನಾವು ದೇವರಿಗೆ ಕೈಮುಗಿಯುತ್ತೇವೆ. ನಮ್ಮೂರಿಗೆ ಬಂದ ಮಗುವಿನ ತಾಯಿಯೂ ಅಷ್ಟು ದೂರದಲ್ಲಿ ಕೂತು ಅದೇ ಹೊತ್ತಿಗೆ ಹಾಗೆಯೇ ಕೈಮುಗಿಯುತ್ತಿರುತ್ತಾಳೆ.